ಉಬ್ರಾಣಿಯ ಮಿಸ್ಡ್ ಕಾಲ್

ಅಂಗಡಿಗೊಂದು ನಂಬಿಕಸ್ಥ ಇಂಟರ್ನೆಟ್ ಫೋನ್ ಹುಡುಕಲು ನಾನು ಪಟ್ಟ ಪಾಡನ್ನು ಯಾರಾದರೂ ಕೇಳಿದರೆ ಈಗಲೂ ಒಂದು ಗಂಟೆ ಬಿಡದೆ ಹೇಳುತ್ತೇನೆ. ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆ ಫೋನ್ ಇವತ್ತಿಗೂ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಅದು ಬಂದ ಒಂದೇ ತಿಂಗಳಲ್ಲಿ ನನ್ನ ಬಳಿ ಕೆಲಸ ಮಾಡುತ್ತಿದ್ದವರಲ್ಲೇ ಅತಿ ಚೆಂದದ ಕೈಯ ಹೆಂಗಸನ್ನು ಕಳೆದುಕೊಂಡೆ. ಅವಳನ್ನು ಕಳೆದದ್ದು ನಾನೇ ಎಂದು ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಚನ್ನಗಿರಿ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಅಂಗಡಿ. ಸೀರೆಗೆ ಫಾಲ್ ಹಾಕುವುದು, ಅಂಚು ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟಿಸಿ ಕೊಡುವುದು ನಮ್ಮ ಕೆಲಸ. ಫಾಲು, ಅಂಚು ಅಂಗಡಿಯಲ್ಲೇ ಆಗುತ್ತವೆ. ಕುಚ್ಚು ಮಾತ್ರ ಊರೂರಿಗೆ ಹೋಗುತ್ತದೆ. ನಲ್ಲೂರಿನಲ್ಲಿ ಇಬ್ಬರು, ಉಬ್ರಾಣಿಯಲ್ಲಿ ಒಬ್ಬಳು, ಸುತ್ತಲಿನ ಹಳ್ಳಿಗಳಲ್ಲಿ ಇನ್ನು ಮೂವರು, ಮನೆಗೆಲಸ ಮುಗಿಸಿ ಕೂತು ಕಟ್ಟಿಕೊಡುತ್ತಿದ್ದರು. ಸೀರೆ, ದಾರ, ಮಣಿ ಎಲ್ಲವನ್ನೂ ಬಟ್ಟೆಯ ಚೀಲದಲ್ಲಿ ಹಾಕಿ, ಬಾಯಿ ಹೊಲಿದು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು; ಆದ ಮೇಲೆ ಅದೇ ಬಸ್ಸಿನಲ್ಲಿ ವಾಪಸ್ ತರಿಸಿಕೊಳ್ಳುವುದು. ಇದು ಹನ್ನೊಂದು ವರ್ಷ ಸಲೀಸಾಗಿ ನಡೆದಿತ್ತು.

ಉಬ್ರಾಣಿಯವಳು ನನಗಿಂತ ಎರಡು ಮೂರು ವರ್ಷ ದೊಡ್ಡವಳು. ಅವಳು ಕಟ್ಟಿದ ಕುಚ್ಚನ್ನು ಹಿಂದೆ ತಿರುಗಿಸಿ ನೋಡಿದರೆ ಗಂಟು ಎಲ್ಲಿದೆ ಎಂದು ನನಗೇ ಸಿಗುತ್ತಿರಲಿಲ್ಲ. ಮದುವೆಯ ರೇಷ್ಮೆ ಬಂದರೆ ನಾನು ಯೋಚನೆಯೇ ಮಾಡದೆ ಅವಳಿಗೆ ಕಳಿಸುತ್ತಿದ್ದೆ. ಹಸಿರು ಮೈಯ ಸೀರೆಗೆ ಯಾವ ಗುಲಾಬಿ ಹೊಂದುತ್ತದೆ ಎಂದು ಗಿರಾಕಿಯೂ ನಾನೂ ಅರ್ಧ ಗಂಟೆ ಜಗಳವಾಡಿ ಕೊನೆಗೆ ದಾರದ ನಾಲ್ಕು ಉಂಡೆಗಳನ್ನೂ ಚೀಲಕ್ಕೆ ಹಾಕಿಬಿಡುತ್ತಿದ್ದೆವು. ಅವಳು ಆರಿಸಿದ್ದೇ ಸರಿಯಾಗಿರುತ್ತಿತ್ತು.

ಅವಳಿಗೆ ಮಾತು ಉಗ್ಗುತ್ತಿತ್ತು. ಎದುರಿಗೆ ಕೂತು, ನಾವು ಅವಸರ ಮಾಡದಿದ್ದರೆ, ನಿಧಾನವಾಗಿ ಎಲ್ಲ ಹೇಳುತ್ತಿದ್ದಳು. ಫೋನಿನಲ್ಲಿ ಮಾತ್ರ ಬಾಯಿ ಕಟ್ಟಿಬಿಡುತ್ತಿತ್ತು. ಮೊದಲ ಸಲ ಫೋನ್ ಮಾಡಿದಾಗ ನಾನು ನಾಲ್ಕು ಸಲ ‘ಹಲೋ, ಯಾರು, ಮಾತಾಡ್ರಿ’ ಎಂದು ಗದರಿ ಇಟ್ಟುಬಿಟ್ಟಿದ್ದೆ. ನನ್ನ ಬಾಯಿ ಅಂಥದ್ದು, ಮನಸ್ಸಿಗಿಂತ ಮುಂದೆ ಓಡುತ್ತದೆ. ಮುಂದಿನ ವಾರ ಅವಳೇ ಬಸ್ಸು ಹತ್ತಿ ಬಂದು, ‘ಫೋನ್‌ನಾಗೆ ನಂಗೆ ಮಾತಾಡಾಕೆ ಬರಲ್ಲ ಅಕ್ಕಾರೆ’ ಎಂದು ಬಹಳ ಹೊತ್ತು ತೆಗೆದುಕೊಂಡು ಹೇಳಿದಳು. ನನಗಿಂತ ದೊಡ್ಡವಳಾದರೂ ಅಕ್ಕಾರೆ ಎಂದೇ ಕರೆಯುತ್ತಿದ್ದಳು. ಅವತ್ತೇ ನಾವಿಬ್ಬರೂ ಒಂದು ಕಟ್ಟುಪಾಡು ಮಾಡಿಕೊಂಡೆವು. ಅವಳು ಮಾತಾಡುವುದೇ ಬೇಡ. ಸೀರೆ ಆದರೆ ಒಂದು ಮಿಸ್ಡ್ ಕಾಲ್. ದಾರ ಮುಗಿದರೆ ಬೆನ್ನುಬೆನ್ನಿಗೆ ಎರಡು. ಸೀರೆ ಆಯಿತು ಎಂದು ಅವಳು ಕೊಟ್ಟಾಗ ನಾನು ತಿರುಗಿ ಒಂದು ಕೊಡಬೇಕು. ಆಗ ಮಾತ್ರ ಚೀಲವನ್ನು ಬಸ್ಸಿಗೆ ಹಾಕಬೇಕು. ಹತ್ತಾರು ಸಾವಿರದ ರೇಷ್ಮೆಯನ್ನು ಇಳಿಸಿಕೊಳ್ಳುವವರಿಲ್ಲದೆ ಬಸ್ಸಿಗೆ ಹಾಕಬಾರದು ಎಂಬ ನಿಯಮ ನನ್ನದೇ.

ಬೇರೆ ಹೆಂಗಸರಿಗೂ ಈ ಪದ್ಧತಿ ಹಿಡಿಸಿತು. ಬೆಳಗಾದರೆ ನನ್ನ ಸಣ್ಣ ಫೋನು ಒಂದೊಂದೇ ರಿಂಗ್ ಆಗಿ ನಿಲ್ಲುತ್ತಿತ್ತು. ಪರದೆಯ ಮೇಲೆ ‘ನಲ್ಲೂರು ದೊಡ್ಡವಳು’, ‘ಉಬ್ರಾಣಿ’ ಎಂದು ಬರುತ್ತಿತ್ತು. ನಾನು ಹೊಲಿಗೆ ಮೆಷಿನ್ ಬಿಟ್ಟು ಏಳದೆ ತಿರುಗಿ ಒಂದು ಒತ್ತಿ ಬಿಡುತ್ತಿದ್ದೆ. ಉಬ್ರಾಣಿಯವಳದು ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಸ್ವಲ್ಪ ಮುಂಚೆ ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ನಾವು ಫೋನಿನಲ್ಲಿ ಒಂದು ಮಾತೂ ಆಡಲಿಲ್ಲ, ಒಂದು ಸೀರೆಯೂ ಹೆಚ್ಚುಕಡಿಮೆ ಆಗಲಿಲ್ಲ.

ತೊಂದರೆ ಶುರುವಾದದ್ದು ಗಿರಾಕಿಗಳಿಂದ. ಜಗಳೂರಿನ ಒಂದು ಮದುವೆ ಮನೆಯವರು ಮೂರು ಸಲ ಫೋನ್ ಮಾಡಿದರಂತೆ. ಮೆಷಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವರು ಹದಿನಾಲ್ಕು ಸೀರೆಯನ್ನು ದಾವಣಗೆರೆಗೆ ಕೊಟ್ಟುಬಿಟ್ಟರು. ಅದು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಇನ್ನು ಮೇಲೆ ಒಂದು ಕರೆಯೂ ತಪ್ಪಬಾರದು ಎಂದು ಹಟ ಹಿಡಿದೆ. ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳತಿ, ‘ಇಂಟರ್ನೆಟ್ ಫೋನ್ ಹಾಕಿಸ್ಕೊ. ನೀನು ಎತ್ತದಿದ್ರೂ ಅದೇ ಎತ್ತುತ್ತೆ, ಯಾರು ಮಾಡಿದ್ರು ಅಂತ ಬರೆದಿಡುತ್ತೆ’ ಎಂದಳು.

ನಾನು ಸುಮ್ಮನೆ ಒಪ್ಪುವವಳಲ್ಲ. ಟೊಮೆಟೊವನ್ನೂ ಒಂದೊಂದೇ ಹಿಚುಕಿ ತೆಗೆದುಕೊಳ್ಳುವವಳು. ಮೂರು ಕಂಪನಿಯವರನ್ನು ಹಿಡಿದೆ. ಮೂವರಿಗೂ ಒಂದೊಂದು ವಾರ ಪುಕ್ಕಟೆ ನಡೆಸಿ ತೋರಿಸಿ ಎಂದೆ. ಮೊದಲನೆಯದು ಕರೆಂಟು ಕಣ್ಣು ಮಿಟುಕಿಸಿದರೆ ಸತ್ತುಹೋಗುತ್ತಿತ್ತು. ಅದು ಅವರ ತಪ್ಪಲ್ಲ, ರೌಟರ್‌ಗೆ ಬ್ಯಾಟರಿ ಇಟ್ಟುಕೊಳ್ಳಿ ಎಂದರು. ಇಟ್ಟುಕೊಂಡೆ, ಆದರೂ ಮಾತು ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ಎರಡನೆಯದರ ಸಹಾಯವಾಣಿಯಲ್ಲಿ ಕನ್ನಡ ಬಲ್ಲ ಒಂದು ನರಪಿಳ್ಳೆಯೂ ಇರಲಿಲ್ಲ. ಅರ್ಧ ಗಂಟೆ ಹಿಂದಿಯಲ್ಲಿ ಹಾಡು ಕೇಳಿಸಿದರು. ಮೂರನೆಯವರು ಮಾತ್ರ ಕನ್ನಡದಲ್ಲೇ ಮಾತಾಡಿದರು, ಹೇಳಿದ ಹೊತ್ತಿಗೆ ತಿರುಗಿ ಫೋನ್ ಮಾಡಿದರು.

ಆದರೂ ನಾನು ಪರೀಕ್ಷೆ ಬಿಡಲಿಲ್ಲ. ಹೊನ್ನಾಳಿಯಿಂದ ನನ್ನ ಅಣ್ಣ, ನ್ಯಾಮತಿಯಿಂದ ಒಬ್ಬ ಹಳೇ ಗಿರಾಕಿ ಟೀಚರು, ಜಗಳೂರಿನಿಂದ ನನ್ನ ನಾದಿನಿ, ಮೂವರಿಗೂ ಒಂದೊಂದು ಚೀಟಿ ಕೊಟ್ಟೆ. ಅದರಲ್ಲಿ ಬಣ್ಣಗಳ ಹೆಸರು ಬರೆದಿದ್ದೆ. ಮಾವಿನ ಚಿಗುರು, ಈರುಳ್ಳಿ ಸಿಪ್ಪೆ, ನವಿಲು ಕೊರಳು, ತಾಮ್ರ. ನಮ್ಮ ಕಸುಬಿನಲ್ಲಿ ಬಣ್ಣ ತಪ್ಪು ಕೇಳಿಸಿದರೆ ಸೀರೆಯೇ ಕೆಟ್ಟಂತೆ. ದಿನಕ್ಕೆ ಎರಡು ಸಲ ಫೋನ್ ಮಾಡಿ ಓದಬೇಕು, ನಾನು ಇಲ್ಲಿ ಕೇಳಿಸಿದ್ದನ್ನು ಬರೆದುಕೊಳ್ಳುತ್ತೇನೆ. ಅಣ್ಣ, ‘ನಿಂಗೇನು ತಲೆಗಿಲೆ ಕೆಟ್ಟೈತಾ, ಸಂತ್ಯಾಗೆ ನಿಂತು ಈರುಳ್ಳಿ ಸಿಪ್ಪೆ ಅಂತ ಕೂಗಿಸ್ತೀಯ’ ಎಂದು ರೇಗಿದ. ಒಂದು ವಾರದಲ್ಲಿ ಒಂದು ಬಣ್ಣವೂ ತಪ್ಪಲಿಲ್ಲ. ಮೂರನೆಯದನ್ನೇ ತೆಗೆದುಕೊಂಡೆ. ಎಲ್ಲರಿಗೂ ಹೇಳಿಕೊಂಡು ಬೀಗಿದೆ.

ಒಂದು ರಿಂಗ್ ಕೊಟ್ಟು ಇಟ್ಟರೆ ಏನಾಗುತ್ತದೆ ಎಂದು ಮಾತ್ರ ನೋಡಲಿಲ್ಲ. ಮಾತಾಡುವವರನ್ನಷ್ಟೇ ಪರೀಕ್ಷೆಗೆ ಕರೆದಿದ್ದೆ.

ಹಳೆಯ ನಂಬರು ಊರಿಗೆಲ್ಲ ಗೊತ್ತಿದ್ದದ್ದರಿಂದ ಅದಕ್ಕೆ ಬಂದ ಕರೆಯೆಲ್ಲ ನೇರ ಹೊಸದಕ್ಕೆ ಹೋಗುವಂತೆ ಮಾಡಿಸಿದೆ. ಹೊಸದು ಒಂದು ರಿಂಗೂ ಪೂರ್ತಿ ಆಗಲು ಬಿಡದೆ ಎತ್ತುತ್ತಿತ್ತು. ಎತ್ತಿದ ಕೂಡಲೇ ಏನು ಹೇಳಬೇಕು ಎಂದು ಕಂಪನಿಯವರು ಕೇಳಿದಾಗ, ಯಾರದೋ ದನಿ ಯಾಕೆ, ನಾನೇ ಹೇಳುತ್ತೇನೆ ಎಂದೆ. ಬಾಗಿಲು ಹಾಕಿಕೊಂಡು ಏಳು ಸಲ ಹೇಳಿ, ಏಳನೆಯದನ್ನು ಇಟ್ಟುಕೊಂಡೆ. ‘ನಮಸ್ಕಾರ ರೀ, ಹೇಳಿ. ಹೊಸ ಕೆಲಸಕ್ಕೆ ಒಂದು ಒತ್ತಿ, ಕೊಟ್ಟಿರೋ ಸೀರೆ ವಿಚಾರಕ್ಕೆ ಎರಡು ಒತ್ತಿ. ಇಲ್ಲಾಂದ್ರೆ ನಿಮ್ಮ ಹೆಸರು, ಊರು, ಏನು ಬೇಕು, ಬಾಯಿಬಿಟ್ಟು ಹೇಳ್ರಿ.’ ಆಮೇಲೆ ಒಂದು ಬೀಪ್. ಮೂವತ್ತು ಸೆಕೆಂಡ್ ಹೇಳಿದ್ದನ್ನು ಹಿಡಿದಿಟ್ಟುಕೊಂಡು ಅದೇ ಕಡಿದುಬಿಡುತ್ತಿತ್ತು. ಗಿರಾಕಿಗಳು ನಕ್ಕರು. ನೀನೇ ಎದುರಿಗೆ ಕೂತು ಮಾತಾಡಿದಂಗೆ ಐತೆ ಎಂದರು. ನನಗೆ ಖುಷಿಯಾಯಿತು.

ಕುಚ್ಚಿನ ಹೆಂಗಸರಿಗೆ ತಿಳಿಸಬೇಕಲ್ಲ. ಇನ್ನು ಮೇಲೆ ಮಿಸ್ಡ್ ಕಾಲ್ ನಡೆಯುವುದಿಲ್ಲ, ನನ್ನ ಸ್ವಂತದ ಈ ಇನ್ನೊಂದು ನಂಬರಿಗೆ ಮಾಡಿ ಎಂದು ಕಂಪ್ಯೂಟರಿನಲ್ಲಿ ಚೀಟಿ ಹೊಡೆಸಿ ಆರು ಚೀಲಕ್ಕೂ ಒಂದೊಂದು ಹಾಕಿದೆ. ಉಬ್ರಾಣಿಯವಳಿಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಗೊತ್ತಿತ್ತು. ಅವಳ ಗಂಡನಿಗೂ ಅಷ್ಟಕ್ಕಷ್ಟೆ. ಚೀಟಿ ಹಾಕುವ ಹೊತ್ತಿಗೆ ಅದು ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಯಾರ ಕೈಲಾದರೂ ಓದಿಸಿಕೊಳ್ಳುತ್ತಾಳೆ ಬಿಡು ಎಂದುಕೊಂಡೆ. ಮದುವೆಯ ತಿಂಗಳು, ಅಂಗಡಿ ತುಂಬ ಜನ. ಉಳಿದ ಐವರು ಯಂತ್ರಕ್ಕೆ ತಾವೇ ಎರಡು ಬೈದು, ನನ್ನ ಇನ್ನೊಂದು ನಂಬರಿಗೆ ಹೊಂದಿಕೊಂಡರು.

ಎರಡು ವಾರದ ಮೇಲೆ ಕಂಪನಿಯವನು ಫೋನ್ ಮಾಡಿದ. ‘ಮೇಡಂ, ನಿಮ್ಮ ಕರೆಗಳ ಪಟ್ಟಿ ನೋಡ್ರಿ. ಒಂದೇ ನಂಬರಿಂದ ದಿನಾ ಖಾಲಿ ಕರೆ ಬರ್ತಾವೆ. ಎತ್ತಿದ ತಕ್ಷಣ ಇಟ್ಟುಬಿಡ್ತಾರೆ. ಇಂಥವರು ಸುಮ್ನೆ ಲೈನ್ ಹಿಡಿದಿಡ್ತಾರೆ, ತಡೆದುಬಿಡಿ’ ಎಂದ. ಪಟ್ಟಿ ತೆಗೆದು ನೋಡಿದೆ. ಬರೀ ಹತ್ತು ಅಂಕಿ. ಸಣ್ಣ ಫೋನಿನಲ್ಲಿದ್ದ ಹೆಸರುಗಳು ಇದರಲ್ಲಿ ಇರಲಿಲ್ಲ, ನಂಬರನ್ನು ಅಂಕಿಯಲ್ಲಿ ನೆನಪಿಟ್ಟುಕೊಳ್ಳುವ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು. ಹೊತ್ತು ಎಷ್ಟು ಎಂದು ಪಕ್ಕದಲ್ಲೇ ಬರೆದಿತ್ತು. ಎಲ್ಲವೂ ಒಂಬತ್ತಕ್ಕೆ ಸ್ವಲ್ಪ ಮುಂಚೆ. ನಾನು ಅದನ್ನೂ ನೋಡಿದೆ, ಯಾವನೋ ಕೆಲಸವಿಲ್ಲದವನು ದಿನಾ ಬೆಳಿಗ್ಗೆ ಎದ್ದು ಹೆಣ್ಣು ದನಿ ಕೇಳಲು ಮಾಡುತ್ತಾನೆ ಎಂದು ಸಿಟ್ಟಾದೆ, ತಡೆಯುವ ಗುಂಡಿ ಒತ್ತಿದೆ.

ಅದೇ ವಾರ ಉಬ್ರಾಣಿಯಲ್ಲಿ ನ್ಯಾಮತಿಯ ಮದುವೆ ಮನೆಯವರ ಎರಡು ಸೀರೆ ಇದ್ದವು. ದಿನ ಹತ್ತಿರ ಬಂತು, ಉಬ್ರಾಣಿಯಿಂದ ಸುದ್ದಿಯಿಲ್ಲ. ನಾನು ಫೋನ್ ಮಾಡಲಿಲ್ಲ. ಮಾಡಿದರೂ ಅವಳು ಎತ್ತಿ ಏನು ಹೇಳಬಲ್ಲಳು ಎಂಬ ನೆಪ ಇತ್ತು, ನಿಜವಾಗಿ ಇದ್ದದ್ದು ಸಿಟ್ಟು. ಗಂಡನಿಗೆ ಬೈಕ್ ಹತ್ತಿ ಹೋಗಿ ಸೀರೆ ಹೆಂಗಿದ್ದರೆ ಹಂಗೆ ತೆಗೆದುಕೊಂಡು ಬನ್ನಿ ಎಂದೆ. ಹೊರಟವರನ್ನು ನಿಲ್ಲಿಸಿ ಇನ್ನೊಂದು ಮಾತು ಸೇರಿಸಿದೆ. ‘ಕೆಲಸ ಬೇಡಾಂದ್ರೆ ಬಾಯಿಬಿಟ್ಟು ಹೇಳಾಕೆ ಏನು ದಾಡಿ ಅಂತ ಕೇಳಿ ಬರ್ರಿ.’ ನನ್ನ ಗಂಡ ಹೇಳಿದ್ದನ್ನು ಹೇಳಿದಂತೆ ಮುಟ್ಟಿಸುವ ಮನುಷ್ಯ. ಅದೊಂದು ದಿನ ಅರ್ಧ ಮರೆತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮಧ್ಯಾಹ್ನಕ್ಕೆ ಸೀರೆ ಬಂದವು. ಎರಡೂ ಮುಗಿದಿದ್ದವು, ಹಳೇ ಪಂಚೆಯಲ್ಲಿ ಸುತ್ತಿ ಮಡಿಸಿಟ್ಟಿದ್ದಳು. ‘ಆಗಿ ಎಂಟು ದಿನ ಆತಂತೆ, ಅವಳ ಗಂಡ ಅಂದ’ ಎಂದರು ನನ್ನವರು. ‘ಅವಳೂ ಏನೋ ಹೇಳಾಕೆ ಬಾಗಿಲಿಗೆ ಬಂದ್ಲು. ಮೋಡ ಆಗಿತ್ತು ಕಣೆ, ರೇಷ್ಮೆ ನೆನೆದ್ರೆ ಕಷ್ಟ ಅಂತ ನಾನು ನಿಲ್ಲಲಿಲ್ಲ.’ ಎಂಟು ದಿನ ಸೀರೆ ಮುಗಿಸಿ ಇಟ್ಟುಕೊಂಡು ತಿಳಿಸದೆ ಕೂತಿದ್ದಳಲ್ಲ, ಎಷ್ಟು ಕೊಬ್ಬು ಎಂದು ನನಗೆ ಅನಿಸಿತು. ಯಾಕೆ ತಿಳಿಸಲಿಲ್ಲ ಎಂದು ಕೇಳಿಕೊಳ್ಳುವ ಪುರುಸೊತ್ತು ನನ್ನ ಸಿಟ್ಟಿಗೆ ಇರಲಿಲ್ಲ. ಕೂಲಿಯನ್ನು ಕಂಡಕ್ಟರ್ ಕೈಯಲ್ಲಿ ಪೂರ್ತಿ ಕಳಿಸಿ, ಸೀರೆ ಕಳಿಸುವುದನ್ನು ನಿಲ್ಲಿಸಿದೆ. ನಲ್ಲೂರಿನ ಚಿಕ್ಕವಳಿಗೆ ರೇಷ್ಮೆ ಕೊಡತೊಡಗಿದೆ. ಅವಳ ಕುಚ್ಚು ಚೆನ್ನಾಗಿಯೇ ಇರುತ್ತದೆ, ಗಂಟು ಕಾಣುತ್ತದೆ ಅಷ್ಟೆ.

ಮುಂದಿನ ವರ್ಷದ ಆಷಾಢ. ಮದುವೆಯಿಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ವರ್ಷದ ಹಿಂದಿನ ಧ್ವನಿಗಳನ್ನು ಅಳಿಸುತ್ತೇವೆ, ಬೇಕಾದದ್ದನ್ನು ಇಳಿಸಿಟ್ಟುಕೊಳ್ಳಿ ಎಂದು ಕಂಪನಿಯಿಂದ ಸಂದೇಶ ಬಂತು. ಯಾರಾದರೂ ಬಿಟ್ಟುಹೋದ ಗಿರಾಕಿ ಇದ್ದಾರೇನೋ ಎಂಬ ಆಸೆಗೆ ಒಂದು ಮಧ್ಯಾಹ್ನ ಕೂತು ಹಳೆಯದನ್ನೆಲ್ಲ ಕೇಳತೊಡಗಿದೆ. ತಡೆದ ನಂಬರಿನದೂ ಒಂದು ಇತ್ತು. ಆ ಪೋಲಿ ಏನು ಹೇಳಿದ್ದಾನೆ ನೋಡೋಣ ಎಂದು ಒತ್ತಿದೆ.

ಮೊದಲು ನಲ್ಲಿಯ ನೀರು ಬಿಂದಿಗೆಗೆ ಬೀಳುವ ಸದ್ದು. ಆಮೇಲೆ ಉಸಿರು. ಆಮೇಲೆ ಅ ಎಂಬ ಅಕ್ಷರ, ಮತ್ತೆ ಅದೇ, ಮತ್ತೆ ಅದೇ. ನನಗೆ ಮೂರನೆಯದಕ್ಕೇ ಗೊತ್ತಾಯಿತು. ‘ಅಕ್ಕಾರೆ’ ಎಂದು ಮುಗಿಸುವಷ್ಟರಲ್ಲಿ ಅರ್ಧ ಹೊತ್ತು ಕಳೆದಿತ್ತು. ‘ಉಬ್ರಾಣಿ’ ಎಂದಳು. ನಾನು ಕೇಳಿದ್ದೆನಲ್ಲ, ಹೆಸರು, ಊರು. ‘ಸೀ’ ಎಂದು ಸೀರೆ ಶುರುಮಾಡಿದಳು, ಅಲ್ಲಿಗೆ ಕಡಿದುಹೋಯಿತು. ತಾರೀಕು ನೋಡಿದೆ. ನಾನು ಗುಂಡಿ ಒತ್ತಿದ ಹಿಂದಿನ ದಿನ, ನನ್ನ ಗಂಡ ಉಬ್ರಾಣಿಗೆ ಹೋಗುವ ನಾಲ್ಕು ದಿನ ಮುಂಚೆ.

ನಾನು ಎದ್ದು ಬಾಗಿಲು ಎಳೆದುಕೊಂಡು ಅತ್ತೆ. ಅವಳ ಪಾಲಿಗೆ ಏನು ನಡೆದಿತ್ತು ಎಂದು ಆಗ ಬಿಡಿಬಿಡಿಯಾಗಿ ಕಂಡಿತು. ಎಂದೂ ಎತ್ತಬಾರದ ನಾನು ಎತ್ತಿದ್ದೆ. ಮಾತೇ ಬೇಡ ಎಂದು ಮಾತು ಕೊಟ್ಟಿದ್ದ ನಾನು, ಬಾಯಿಬಿಟ್ಟು ಹೇಳು ಎಂದಿದ್ದೆ. ಅವಳು ಬೆದರಿ ದಿನವೂ ಇಟ್ಟುಬಿಟ್ಟಿದ್ದಳು. ಕೊನೆಗೆ ಧೈರ್ಯ ಮಾಡಿ ಹೇಳತೊಡಗಿದಾಗ ನಾನು ಅವಳ ಉಗ್ಗನ್ನು ಸುಮ್ಮನೆ ಕೇಳಿಸಿಕೊಂಡು, ಒಂದು ಮಾತೂ ಆಡದೆ ಇಟ್ಟುಬಿಟ್ಟಿದ್ದೆ. ಮಾರನೆಯ ದಿನದಿಂದ ಆ ನಂಬರೇ ಸಿಗಲಿಲ್ಲ. ಅದರ ಮೇಲೆ ಬೈಕ್ ಹತ್ತಿ ಬಂದವರು ಬಾಯಿಬಿಟ್ಟು ಹೇಳಾಕೆ ಏನು ದಾಡಿ ಎಂದು ಕೇಳಿದ್ದರು.

ಮಾರನೆಯ ಬೆಳಿಗ್ಗೆ ಉಬ್ರಾಣಿಗೆ ಹೋದೆ. ಒಂದು ಮೈಸೂರು ರೇಷ್ಮೆ, ದಾರದ ಉಂಡೆ ಎಲ್ಲ ತೆಗೆದುಕೊಂಡು ಹೋಗಿದ್ದೆ. ಕ್ಷಮೆ ಕೇಳಿ, ಸೀರೆ ಕೈಗಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೇ ನಂಬಿದ್ದೆ. ಅವಳು ಬಾಗಿಲಲ್ಲಿ ನನ್ನನ್ನು ನೋಡಿ ಚಾಪೆ ಹಾಸಿದಳು, ಟೀ ಮಾಡಿದಳು. ಲೋಟ ಕೊಡುವಾಗ ಕೈ ನೋಡಿದೆ. ಬೆರಳ ತುದಿಗಳೆಲ್ಲ ಕಪ್ಪಗೆ ಒಡೆದಿದ್ದವು. ನನ್ನ ಕಣ್ಣು ಎಲ್ಲಿದೆ ಎಂದು ನೋಡಿ ಅವಳ ಗಂಡ, ‘ಅಡಿಕೆ ಸುಲಿಯಾಕೆ ಹೋಗ್ತಾಳೆ ರೀ. ಹೋದ ವರ್ಷ ನಿಮ್ಮ ಕೆಲಸ ನಿಂತ ಮ್ಯಾಲೆ ಹಿಡಿದದ್ದು. ಹಸಿ ಅಡಿಕೆ ಚೊಗರು ಹತ್ತಿದ್ರೆ ಕಪ್ಪು ಹೋಗಲ್ಲ’ ಎಂದ. ಆಪಾದನೆಯ ದನಿಯಲ್ಲಿ ಹೇಳಲಿಲ್ಲ. ಸುಗ್ಗಿ ಮುಗಿದು ತಿಂಗಳುಗಳಾಗಿದ್ದರೂ ಕತ್ತಿಯ ಗೀರುಗಳು ಹಾಗೇ ಇದ್ದವು.

ನಾನು ಸೀರೆ ಬಿಚ್ಚಿ ಅವಳ ಮಡಿಲಿಗೆ ಇಟ್ಟೆ. ಅವಳು ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ಬೆರಳನ್ನು ರೇಷ್ಮೆಯ ಮೇಲೆ ಮೆಲ್ಲಗೆ ಎಳೆದಳು. ಒಡಕಿಗೆ ಎಳೆ ಸಿಕ್ಕಿ ಸಣ್ಣಗೆ ಜಗ್ಗಿತು. ಅವಳು ಕೈ ತೆಗೆದು, ಅಂಗೈಯ ಹಿಂಭಾಗದಿಂದ ಸೀರೆಯನ್ನು ನನ್ನ ಕಡೆ ತಳ್ಳಿದಳು. ಔಷಧಿ ಹಚ್ಚು, ಎರಡು ತಿಂಗಳು ಬಿಡುವು ಮಾಡು ಎಂದೆಲ್ಲ ನಾನು ಬಡಬಡಿಸಿದೆ. ಇಲ್ಲ ಎಂದು ತಲೆಯಾಡಿಸಿದಳು. ಈ ವರ್ಷದ ಸುಲಿತಕ್ಕೂ ಆಗಲೇ ಒಪ್ಪಿಕೊಂಡಿದ್ದಳು.

ಆಮೇಲೆ ನಾನು ಫೋನ್ ತೆಗೆದು ಅಂಗಡಿಯ ನಂಬರ್ ಒತ್ತಿ ಅವಳ ಕಿವಿಗೆ ಹಿಡಿದೆ. ನಾನು ಎದುರಿಗೆ ಬಾಯಿ ಮುಚ್ಚಿ ಕೂತಿರುವಾಗ ನನ್ನ ದನಿ ಫೋನಿನೊಳಗಿಂದ, ನಮಸ್ಕಾರ ರೀ, ಹೇಳಿ ಎಂದಿತು. ಅವಳು ಫೋನನ್ನೂ ನನ್ನ ಮುಖವನ್ನೂ ನೋಡಿದಳು. ನಾನಲ್ಲ, ಯಂತ್ರ, ನೀನು ಮಾಡಿದ್ದು ನನಗೆ ಗೊತ್ತೇ ಆಗಲಿಲ್ಲ, ನಿನ್ನೆ ಕೇಳಿದೆ, ಸೀರೆ ಎನ್ನುವಷ್ಟರಲ್ಲಿ ಅದು ಕಡಿದುಬಿಟ್ಟಿತ್ತು, ನನ್ನದು ತಪ್ಪಾಯಿತು ಎಂದೆ.

‘ನಾನು ಪೂ... ಪೂರ್ತಿ ಹೇಳಿದ್ದೆ’ ಎಂದಳು.

ಫೋನ್ ಕಡಿದದ್ದು ಅವಳಿಗೆ ತಿಳಿದಿರಲಿಲ್ಲ. ನಾನು ಆ ಕಡೆ ಕೇಳುತ್ತಿದ್ದೇನೆ ಎಂದುಕೊಂಡು ಕೊನೆಯವರೆಗೂ ಹೇಳಿ ಮುಗಿಸಿದ್ದಳು. ಬಿಂದಿಗೆ ತುಂಬಿ ಹರಿದು ಅಂಗಳವೆಲ್ಲ ನೀರಾಗಿತ್ತು ಎಂದು ಅವಳ ಗಂಡ ಹೇಳಿದ. ಏನು ಹೇಳಿದ್ದೆ ಎಂದು ನಾನು ಕೇಳಿದೆ. ಗಂಡ ಹೇಳಲು ಬಾಯಿ ತೆರೆದ, ಅವಳು ಕೈಯೆತ್ತಿ ತಡೆದಳು. ನಾನು ಟೀ ಲೋಟ ಕೆಳಗಿಟ್ಟು ಕೂತೆ. ಹೊರಗೆ ವಾಪಸ್ ಹೋಗುವ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಅವತ್ತು ಹೇಳಿದ್ದನ್ನೇ ಅವಳು ಒಂದೊಂದೇ ಮಾತಾಗಿ ಹಿಡಿದು ತಂದು ಮುಗಿಸಿದಳು. ಎರಡೂ ಸೀರೆ ಆಗ್ಯಾವೆ ಅಕ್ಕಾರೆ, ಬಸ್ಸಿಗೆ ಹಾಕ್ಲಾ?

ಹಾಕು ಎಂದೆ.